ಮುಂದೆ ಓಡಬೇಕಿದ್ದ ಗಂಡ

ಇಟೆನ್,
ನವೆಂಬರ್ ೯

ಪ್ರೀತಿಯ ಜೆಮೇಲಿ,

ನೀನು ತರಬೇತಿ ಕ್ಯಾಂಪಿಗೆ ಹೋಗಿ ಎರಡು ವಾರ ಕಳೆದರೂ ನಾನು ಒಂದು ಸಾಲೂ ಬರೆಯಲಿಲ್ಲ, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ದನಕರುಗಳ ಸಮಾಚಾರ ಹೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಕ್ಷೇಮ. ಕೆಂಪು ಹಸು ಹೆಣ್ಣುಗರು ಹಾಕಿದೆ. ಚೆಲಿಮೊಗೆ ಮುಂದಿನ ಹಲ್ಲು ಬಿದ್ದಿದೆ. ಅಮ್ಮನಿಗೇ ಮೊದಲು ತೋರಿಸಬೇಕಂತೆ, ನನ್ನೆದುರು ಬಾಯಿ ಬಿಡುವುದಿಲ್ಲ.

ನಾನು ಮಾತ್ರ ಊರವರ ಬಾಯಿಗೆ ಬಿದ್ದಿದ್ದೇನೆ. ಹೆಂಡತಿಗೆ ವೇಗ ಹಿಡಿದುಕೊಡಲು ಅವಳ ಮುಂದೆ ಓಡುವ ಗಂಡಂದಿರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಹೋದ ತಿಂಗಳ ಮ್ಯಾರಥಾನನ್ನು ಇಡೀ ಊರು ಟೀವಿಯಲ್ಲಿ ನೋಡುತ್ತಿರುವಾಗ ಹೆಂಡತಿಯ ಹಿಂದೆ ಏದುಸಿರು ಬಿಡುತ್ತ ಬಂದವನು ನಾನೊಬ್ಬನೇ. ಮೊನ್ನೆ ಚಹಾದಂಗಡಿಯಲ್ಲಿ ಚೆಸಿರೆ, "ಏನಯ್ಯಾ ಕಿಮೈಯೋ, ಕತ್ತೆಗಿಂತ ಮುಂದೆ ಗಾಡಿ ಹೋಗಿದ್ದನ್ನ ಮೊದಲ ಸಲ ನೋಡ್ದೆ ಕಣಪ್ಪಾ!" ಅಂದ. ಎಲ್ಲರ ಜೊತೆ ನಾನೂ ನಕ್ಕೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದುಬಂದೆ.

ಅವ್ವನ ಮಾತು ಇನ್ನೂ ಖಾರ. ನೀನು ಗೆದ್ದೇ ಬರುತ್ತೀ ಎಂದು ಸೋರೆಬುರುಡೆಯಲ್ಲಿ ಮುರ್ಸಿಕ್ ಹುಳಿಗೆ ಹಾಕಿ, ನೆಂಟರಿಗೆಲ್ಲ ಹೇಳಿಕಳಿಸಿದ್ದಳಲ್ಲ. "ಗೆದ್ದೋರಿಗೆ ಕುಡಿಸೋ ಹಾಲು ಕಣೋ ಇದು. ಈಗ ಯಾರ ಬಾಯಿಗೆ ಹಿಡೀಲಿ, ನಿನ್ನ ಬಾಯಿಗಾ?" ಎಂದು ಬುರುಡೆಯನ್ನು ಅಟ್ಟಕ್ಕೇರಿಸಿದಳು. ನಿನ್ನ ಮೇಲೆ ಅವಳಿಗೆ ಎಳ್ಳಷ್ಟೂ ಕೋಪವಿಲ್ಲ. "ಪಾಪ, ಆ ಹುಡುಗಿಗೆ ಹೊಟ್ಟೆ ನುಲೀತಂತೆ" ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ನಿನಗೆ ಹೊಟ್ಟೆ ನುಲಿಯಲೇ ಇಲ್ಲ ಎಂದು ನಮ್ಮಿಬ್ಬರಿಗೂ ಗೊತ್ತು. ಸೇತುವೆಯ ಮೇಲೆ ನಾನು ಸುಸ್ತಾಗಿ ಹಿಂದೆ ಬಿದ್ದಾಗ ನೀನು ನನಗಾಗಿ ಓಟ ನಿಧಾನ ಮಾಡಿದೆ, ಅಷ್ಟರಲ್ಲಿ ಆ ಇಥಿಯೋಪಿಯಾದವಳು ದಾಟಿ ಹೋದಳು. ಪತ್ರಿಕೆಯವರು ಕೇಳಿದಾಗ ನನ್ನ ಮಾನ ಉಳಿಸಲು ನೀನು, ನನಗೇ ಹೊಟ್ಟೆನೋವು ಬಂತು ಎಂದುಬಿಟ್ಟೆ. ನಾನು ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸಿದೆನಲ್ಲ, ಅದನ್ನು ನೆನೆದರೆ ಈಗಲೂ ಮೈಯೆಲ್ಲ ಹಿಡಿಯಷ್ಟಾಗುತ್ತದೆ.

ನಿನ್ನೆ ಕೋಚ್ ಮನೆಗೇ ಬಂದಿದ್ದರು. "ಏಪ್ರಿಲ್ ಓಟ ನೋಡೇ ದೇಶದ ತಂಡ ಆರಿಸೋದು. ನಿನ್ನ ಜಾಗಕ್ಕೆ ಕಿಬೋರ್‌ನ ಹಾಕ್ತೀನಿ ಅಂದ್ರೆ ಅವಳು ಒಪ್ತಿಲ್ಲ ಕಣಯ್ಯಾ. ಗಂಡ ಇಲ್ದೆ ಓಡೋದೇ ಇಲ್ಲ ಅಂತಾಳೆ. ನೀನೇ ಬಿಡಿಸಿ ಹೇಳಪ್ಪಾ" ಎಂದರು. ಅವರು ಹೋದ ಮೇಲೆ ತುಂಬ ಹೊತ್ತು ಕೊಟ್ಟಿಗೆಯಲ್ಲೇ ಕೂತಿದ್ದೆ.

ಕಿಬೋರ್‌ನನ್ನು ಕರೆದುಕೋ, ಜೆಮೇಲಿ. ನನ್ನ ಕಾಲಿಗೆ ನೋವಿಲ್ಲ, ಜ್ವರವಿಲ್ಲ. ನೀನು ನನಗಿಂತ ವೇಗದವಳಾಗಿದ್ದೀ, ವಿಷಯ ಇಷ್ಟೇ. ನಾನು ಇಲ್ಲೇ ಇದ್ದು ಹಾಲು ಕರೆದುಕೊಂಡು, ಮಗಳನ್ನು ಶಾಲೆಗೆ ಬಿಟ್ಟುಕೊಂಡು ಇರುತ್ತೇನೆ. ನಿನಗೆ ಹೆದರಿ ಹಾದಿಯೇ ಬದಿಗೆ ಸರಿಯುವ ಹಾಗೆ ಓಡು. ದೇವರು ನಿನ್ನ ಕಾಲಿಗೆ ಕಲ್ಲು ತಾಗದಂತೆ ಕಾಯಲಿ.

ನಿನ್ನವನೇ ಆದ,
ಕಿಮೈಯೋ

ಮಡಚಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಸೇತುವೆಯ ಮೇಲೆ ನೀನು ತಿರುಗಿ ನೋಡಿದೆಯಲ್ಲ, ಆಗ ಕಣ್ಣು ಕತ್ತಲಿಟ್ಟು ನನಗೇನೂ ಕಾಣಲಿಲ್ಲ ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ನಿನ್ನ ಮುಖ ನನಗೆ ಚೆನ್ನಾಗಿ ಕಾಣುತ್ತಿತ್ತು. ಸುಸ್ತಾದವನು ಕೈ ಬೀಸಿ, ಮುಂದೆ ಹೋಗು ಎಂದು ಕಳಿಸಬೇಕು, ನಮ್ಮಲ್ಲಿ ಓಟ ಕಲಿಯುವ ಮಕ್ಕಳಿಗೂ ಅದು ಗೊತ್ತು. ಕೈ ಎತ್ತುವಷ್ಟು ತ್ರಾಣ ನನ್ನಲ್ಲಿತ್ತು. ನೀನು ನಿಲ್ಲಲಿ ಎಂದೇ ಎತ್ತಲಿಲ್ಲ.