ಗೇಟು ಹಾಕಿಕೊಂಡು ತಿಂದ ಸೊಪ್ಪು

ಉಪ್ಪಿನ ಕೊಲ್ಲಿ ಬೀದಿ,
ನವೆಂಬರ್ 22

ಪ್ರೀತಿಯ ಯಂಗ್‌ನಾನ್,

ಹೋದ ಆಗಸ್ಟ್ ಕೊನೆಯಲ್ಲಿ, ಮಳೆ ನಿಂತ ವಾರ, ನಗರಸಭೆಯ ಲಾರಿಗಳು ನಮ್ಮ ಬೀದಿಯ ಅಂಗಳಗಳಿಗೆ ವಿಷ ಸುರಿದು ಹೋದವು. ಕೈತೋಟಕ್ಕೆ ಉಚಿತ ಮಣ್ಣು ಎಂದು ಅದಕ್ಕೆ ಹೆಸರಿಟ್ಟಿದ್ದರು.

ಕ್ಷೇಮ ಕೇಳುವ ಮೊದಲೇ ಇದನ್ನು ಬರೆದೆನೆಂದು ಬೇಸರಿಸಬೇಡ. ನಗರಸಭೆಯ ಸದಸ್ಯೆಗೆ ಬರೆದ ಅರ್ಜಿಯಲ್ಲ ಇದು, ಗೆಳತಿಗೆ ಬರೆದ ಕಾಗದ. ಚುಸೊಕ್ ಹಬ್ಬಕ್ಕೆ ನೀನು ಕಳಿಸಿದ ಸೇಬು ಬಂದು ಎಷ್ಟು ದಿನವಾಯಿತು, ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ನಿನ್ನ ಮೊಣಕಾಲು ಹೇಗಿದೆ? ಈ ಸಲ ಚಳಿಗಾಲದ ಕೋಸಿನ ಉಪ್ಪಿನಕಾಯಿ, ಕಿಮ್ಚಿ ಹಾಕಲು ಬರಬೇಡ. ನಾವು ಹಾಕುತ್ತಿಲ್ಲ. ಕೋಸನ್ನೆಲ್ಲ ಕಿತ್ತು ಚೀಲ ಕಟ್ಟಿ ಗೋಡೆಗೆ ಒರಗಿಸಿದ್ದೇವೆ. ಒಯ್ಯಲು ಯಾರೂ ಬಂದಿಲ್ಲ.

ಮಣ್ಣು ಬಂದ ದಿನ ನಮ್ಮ ಯಜಮಾನರು ಎಷ್ಟು ಹಿಗ್ಗಿದ್ದರು! ಮೊಮ್ಮಗಳು ಸೋಲ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಟ್ಯೂಸ್ ಬೀಜ ಚೆಲ್ಲಿದರು. ಐದು ವರ್ಷದ ಮಗು, ಮೊಣಕೈವರೆಗೂ ಮಣ್ಣು. ಬೇಸಿಗೆಯ ಸೊಪ್ಪು ಕಹಿ. ಚಳಿಗಾಳಿ ತಾಗಿದ ಮೇಲೆ ಅದೇ ಎಲೆ ದಪ್ಪವಾಗಿ ಸಿಹಿಯಾಗುತ್ತದೆ. ಅದಕ್ಕೇ ನಮ್ಮ ಅಜ್ಜಿಯರು ಶರತ್ಕಾಲದ ಲೆಟ್ಯೂಸನ್ನು ಬಾಗಿಲು ಹಾಕಿಕೊಂಡು ತಿನ್ನಬೇಕು ಎನ್ನುತ್ತಿದ್ದುದು.

"ಏ ಬುನ್‌ಇಮ್, ಗೇಟು ಹಾಕೇ! ಪಕ್ಕದ ಮನೆಯೋರು ಬಟ್ಟಲು ಹಿಡ್ಕೊಂಡು ಬಂದ್ಬಿಟ್ಟಾರು!" ಎಂದು ಇವರು ಕೂಗುವುದು, ನಾನು ಏಳುವಷ್ಟರಲ್ಲಿ ಸೋಲ್ ಓಡಿಹೋಗಿ ಚಿಲಕ ಹಾಕುವುದು. ಎಲೆಯಲ್ಲಿ ಅನ್ನ, ಹುದುಗಿಸಿದ ಸೋಯಾ ಗೊಜ್ಜು ಇಟ್ಟು ಮಡಚಿ ಇವರೇ ಬಾಯಿಗಿಡುತ್ತಿದ್ದರು.

"ದೊಡ್ಡದಾಗಿ ಬಾಯಿ ತೆಗಿ ಮರೀ, ನೀರಾನೆ ಥರ."

"ನೀನೇ ನೀರಾನೆ, ತಾತ! ಹೊಟ್ಟೆ ನೋಡ್ಕೋ!"

ಅಕ್ಟೋಬರ್ ಮುಗಿಯುವ ಹೊತ್ತಿಗೆ ಮಗು ಹೊಟ್ಟೆ ಹಿಡಿದುಕೊಂಡು ಮೂಲೆ ಸೇರಿತು. ಮುಖ ಕಾಗದದಂತೆ ಬಿಳಿಚಿತು. ರಕ್ತದಲ್ಲಿ ಸೀಸವಿದೆ ಎಂದರು ವೈದ್ಯರು. ಅಂಗಳದ ಮಣ್ಣನ್ನು ಪರೀಕ್ಷೆಗೆ ಕೊಟ್ಟರೆ ಅದರಲ್ಲೂ ಸೀಸ. ಎಲ್ಲಿಯ ಮಣ್ಣು ಎಂದು ವಿಚಾರಿಸಿದೆ. ಗುಡ್ಡದ ಮೇಲಿನ ಹಳೆಯ ತಾಮ್ರ ಕರಗಿಸುವ ಕಾರ್ಖಾನೆಯ ಅಂಗಳದ್ದಂತೆ.

ನಗರಸಭೆಯಲ್ಲಿ ಕೇಳಿದರೆ ಮೇಜಿನ ಹಿಂದಿನ ಹುಡುಗಿ, "ಅಜ್ಜಿ, ಅದು ಶುದ್ಧಿ ಮಾಡಿದ ಮಣ್ಣು. ನೀವೇ ಸೊಪ್ಪು ಸರಿಯಾಗಿ ತೊಳೆದಿಲ್ಲ ಅನ್ಸತ್ತೆ" ಎಂದಳು. ಮಣ್ಣು ಅವರದು, ತಪ್ಪು ನಮ್ಮ ನಲ್ಲಿಯದು!

ಆ ಗುಡ್ಡ ನಿನಗೂ ನನಗೂ ಹೊಸದೇ? ಹೊಗೆ ಕೆಳಗಿಳಿದ ದಿನ ಬತ್ತದ ಗರಿಗಳ ತುದಿ ಸುಟ್ಟು ಹೋಗುತ್ತಿತ್ತು. ನಮ್ಮಪ್ಪ, ನಿಮ್ಮಪ್ಪ ಕೇಳಲು ಹೋದಾಗ, "ದೇಶ ಕಟ್ಟೋ ಹೊಗೆ ಕಣ್ರಯ್ಯಾ, ಸಹಿಸ್ಕೊಳ್ಳಿ" ಎಂದು ಕಾರ್ಖಾನೆಯವರು ಗೇಟಿನಿಂದಲೇ ಅಟ್ಟಿದರು. ಇಬ್ಬರೂ ಕೆಮ್ಮುತ್ತಲೇ ಸತ್ತರು. ಆಗ ಮೇಲಿನಿಂದ ಬಿತ್ತು; ಈಗ ಹೂವಿನ ಚಿತ್ರದ ಬ್ಯಾನರ್ ಕಟ್ಟಿಕೊಂಡು ಲಾರಿಯಲ್ಲಿ ಬಂತು. ನಾವು ಚಪ್ಪಾಳೆ ತಟ್ಟಿ ಇಳಿಸಿಕೊಂಡೆವು.

ಸೋಲ್‌ಗೆ ಚಿಕಿತ್ಸೆ ನಡೆದಿದೆ. ಕಲಿಯುವುದಕ್ಕೆ ತೊಂದರೆಯಾದೀತೇ ಎಂದರೆ ವೈದ್ಯರು ಕಿಟಕಿಯತ್ತ ನೋಡುತ್ತಾರೆ. ಊಟಕ್ಕೆ ಕೂತಾಗ ಮಗು ಈಗಲೂ, "ತಾತ, ಗೇಟು ಹಾಕ್ಲಾ?" ಎನ್ನುತ್ತದೆ. ಇವರು ತಟ್ಟೆ ಬಿಟ್ಟು ಎದ್ದು ಹೋಗುತ್ತಾರೆ.

ಚಳಿ ಜಾಸ್ತಿಯಾಗಿದೆ, ಕಾಲು ಬೆಚ್ಚಗಿಟ್ಟುಕೋ. ನಿನ್ನ ಮನೆಯ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆಯಲಿ. ಇದನ್ನು ಮನಸ್ಸಿನಿಂದಲೇ ಬರೆದಿದ್ದೇನೆ.

ನಿನ್ನ
ಬುನ್‌ಇಮ್

ಮರೆತ ಮಾತು: ಮರೆತದ್ದಲ್ಲ, ಇಲ್ಲಿಯವರೆಗೆ ಬರೆಯಲು ಕೈ ಬರಲಿಲ್ಲ. ಮೊದಲ ಕೊಯ್ಲಿನ ಬುಟ್ಟಿಯನ್ನು ಸೋಲ್ ನಿನ್ನ ಮನೆಗೇ ತಂದಿದ್ದಳು, ನಾನು ಹಿಂದೆ ನಿಂತಿದ್ದೆ. ಸೊಪ್ಪೆಂದರೆ ಪ್ರಾಣ ಬಿಡುವ ನೀನು ಒಂದೆಲೆಯನ್ನೂ ಮುಟ್ಟಲಿಲ್ಲ. "ಅಯ್ಯೋ, ಇದು ಬಾಗಿಲು ಹಾಕ್ಕೊಂಡು ತಿನ್ನೋ ಸೊಪ್ಪು ಕಣೇ, ನನಗ್ಯಾಕೆ? ಮಗೂಗೆ ತಿನ್ಸು" ಎಂದು ನಕ್ಕು ಬುಟ್ಟಿಯನ್ನು ಅವಳ ಕೈಗೇ ತಿರುಗಿ ಕೊಟ್ಟೆ. ಅವಳ ಕೆನ್ನೆ ಹಿಂಡಿದೆ. ನಗರಸಭೆಯಲ್ಲಿ ಬೀದಿಗೆಲ್ಲ ಮಣ್ಣು ಹಂಚುವ ನಿರ್ಣಯಕ್ಕೆ ಕೈ ಎತ್ತಿದವರಲ್ಲಿ ನೀನೂ ಒಬ್ಬಳು. ನಿನ್ನ ಅಂಗಳಕ್ಕೆ ಮಾತ್ರ ಒಂದು ಬುಟ್ಟಿ ಮಣ್ಣೂ ಬಿದ್ದಿರಲಿಲ್ಲ.

ಯಂಗ್‌ನಾನ್, ಅಂದು ನಿನಗೆ ಗೊತ್ತಿತ್ತೇ? ಉತ್ತರವನ್ನು ನನಗೆ ಬರೆಯಬೇಡ. ಬರುವ ಸಭೆಯಲ್ಲಿ, ನಮ್ಮ ಬೀದಿಯವರೆಲ್ಲ ಕೂತಿರುವಾಗ, ಎದ್ದು ನಿಂತು ಹೇಳು. ಬಾಗಿಲು ತೆರೆದಿಟ್ಟು ಹೇಳು.