ಅಂಗಿಯ ಜೇಬಿನಲ್ಲಿದ್ದ ಪಿನ್ನು

ಜನವರಿ ೧೧, ಭಾನುವಾರ

ಒಗೆಯಲು ಹಾಕುವ ಮುನ್ನ ಅಂಗಿಯ ಜೇಬು ನೋಡಿದರೆ ಪಿನ್ನು! ಫ್ಯಾನನ್ನು ಸೂರಿಗೆ ತೂಗುಹಾಕುವ ಬೋಲ್ಟು ಜಾರಿ ಬೀಳದಂತೆ ತಡೆಯುವ ಪಿನ್ನು. ಬುಧವಾರ ನಾನೇ ಫ್ಯಾನ್ ಇಳಿಸಿ, ಒರೆಸಿ, ಮತ್ತೆ ಏರಿಸಿ, ಚಳಿಗಾಲಕ್ಕೆಂದು ಉಲ್ಟಾ ತಿರುಗುವಂತೆ ಮಾಡಿದ್ದೆ. ಮೇಲಿನ ಬಿಸಿಗಾಳಿ ಕೆಳಗಿಳಿದರೆ ಹೀಟರಿನ ಕರೆಂಟು ಉಳಿಯುತ್ತದೆಂಬ ಜಾಣತನ ಬೇರೆ. ನಾಲ್ಕು ರಾತ್ರಿ ಅದು ಮಗುವಿನ ನೆತ್ತಿಯ ಮೇಲೆಯೇ ತಿರುಗಿದೆ.

ಓಡಿಹೋಗಿ ಸ್ವಿಚ್ ಆರಿಸಿದೆ. ರೆಕ್ಕೆಗಳು ನಿಲ್ಲುವುದನ್ನೂ ಕಾಯದೆ ಮಗುವನ್ನೆತ್ತಿಕೊಂಡು ನಡುಮನೆಗೆ ಬಂದೆ. ಹೆಂಡತಿ ಹಿಂದೆಯೇ ಬಂದಳು.

"ಯಾಕ್ರೀ, ಏನಾಯ್ತು?"

"ಫ್ಯಾನ್ ಸದ್ದು ಮಾಡ್ತಿತ್ತು."

"ಇಲ್ವಲ್ಲ! ನೀವು ಸರಿ ಮಾಡಿದ್ಮೇಲೇನೇ ಪಾಪು ಬೆಚ್ಚಗೆ ಮಲಗ್ತಿರೋದು."

ಮುಷ್ಟಿಯೊಳಗೆ ಪಿನ್ನು ಚುಚ್ಚುತ್ತಿತ್ತು. ಅವಳು ಮತ್ತೆ ಆ ಸ್ವಿಚ್ಚಿಗೆ ಕೈ ಹಾಕುವ ಮೊದಲು ಹೇಳಲೇಬೇಕು. ಹೇಳಿದ ಮೇಲೆ ಅವಳು ನನ್ನನ್ನು ನೋಡುವ ಆ ನೋಟ...