ದಾರ ಹಿಡಿದ ಬೆರಳು

ನವೆಂಬರ್ 16, ಭಾನುವಾರ

ಸೋಪು ಹಚ್ಚಿ ಎರಡು ಸಲ ತೊಳದೀನಿ. ಹೆಬ್ಬೆರಳ ಮ್ಯಾಲ ಇನ್ನೂ ಆ ದಾರ ಅದ ಅನಸಾಕತ್ತದ.

ದೋಸ್ತ ಜಿಲಾನಿಗೆ ದೇವದುರ್ಗದ ರಸ್ತಾದಾಗ ಬೈಕ್ ಹೊಡ್ಯಾಕ ಕಲಿಸಿದವ ನಾನು. ಹೋದ ಸಲ ಚೆನ್ನೈ ರೇಸ್ ಟ್ರ್ಯಾಕಿನ್ಯಾಗ ಇಬ್ಬರೂ ಬಾಡಿಗಿ ಗಾಡಿ ಹೊಡದ್ವಿ. ಎಲ್ಲಾ ಸುತ್ತಿನ್ಯಾಗೂ ಅವನ ಬೆನ್ನು ನೋಡಿದ್ದೇ ಬಂತು. ಈಗ ಅವಗ ಟ್ರ್ಯಾಕಿನ್ಯಾಗ ಹೊಡ್ಯಾಕ ಸ್ವಂತ ಗಾಡಿ ಬೇಕಂತ!

ಅದಕ್ಕ ಇವತ್ತು ಮಾನ್ವಿಗೆ ಹೋಗಿದ್ವಿ. ಉಮಾದೇವಿ ಟೀಚರ್ ತಮ್ಮ ನೂರಾ ಐವತ್ತು ಸಿಸಿ ಗಾಡಿ ಮಾರಾಕತ್ಯಾರ. ಹಗುರ ಗಾಡಿ, ಎಂಜಿನ್ ಸದ್ದು ಒಂದ ಸಮ. "ಒಮ್ಮೆನೂ ಬಿದ್ದಿಲ್ರೀ," ಅಂದ್ರು. ಇದರ ಮ್ಯಾಲ ಅವ ಕುಂತ್ರ ನನಗ ಅವನ ಬೆನ್ನೂ ಕಾಣಂಗಿಲ್ಲ.

ಚಾಸಿ, ಅಂದ್ರ ಗಾಡಿ ಚೌಕಟ್ಟು, ಸೊಟ್ಟ ಅದೇನಂತ ನೋಡಾಕ ಹಿಂದಿನ ಗಾಲಿಯಿಂದ ಮುಂದಿನ ಗಾಲಿತನಕ ದಾರ ಎಳದು ಹಿಡದ್ವಿ. ಮುಂದಿನ ತುದಿ ನನ್ನ ಕೈಯಾಗಿತ್ತು. ಹೆಬ್ಬೆರಳು ಒಂದೀಟು ಹೊರಗ ಸರಿಸಿದೆ. "ನೋಡಲೇ, ಗಾಲಿ ಲೈನಿನ್ಯಾಗಿಲ್ಲ," ಅಂದೆ.

ಜಿಲಾನಿ ದಾರ ನೋಡಿ ಬ್ಯಾಡಂದ. ಟೀಚರ್ ಮಾತ್ರ ನನ್ನ ಕೈ ನೋಡಿದ್ರು.

ಈಗ ಆ ಗಾಡಿ ನನಗ ಬೇಕನಸಾಕತ್ತದ. ನಾ ತಗೊಂಡ್ರ ಸುಳ್ಳು ಬಯಲಾಗತದ.

ರಾಯಚೂರಿಗೆ ಬಂದ ಮ್ಯಾಲ ಅವನೇ ಚಾ ಕುಡಿಸಿದ. "ನೀ ಇರದಿದ್ರ ಯಾವುದರೆ ತಿರುವಿನ್ಯಾಗ ಬಿದ್ದು ಸಾಯ್ತಿದ್ದೆ, ದೋಸ್ತ. ಮುಂದಿನ ವಾರ ಸಿಂಧನೂರಾಗ ಇನ್ನೊಂದು ಗಾಡಿ ನೋಡೂದದ. ದಾರ ನೀನ ಹಿಡೀಬೇಕು."

ಹಿಡೀತೀನಿ ಅಂದೀನಿ. ಆ ಗಾಡಿನೂ ಛಲೋ ಇದ್ರ ಈ ಬೆರಳು...